ನಿಶ್ಮಿತಾಳ ಬೆವರು

ಆಗಸ್ಟ್ 2, 1995. ಲಾಂಗ್ ಬೀಚ್

ಇವತ್ತೂ ಲ್ಯಾಬ್‌ನಲ್ಲಿ ಬಾವಿ ನೀರಿನ ಸ್ಯಾಂಪಲ್‌ಗಳೇ. ಸಮುದ್ರ ಒಳಗೆ ನುಗ್ಗುತ್ತಿದೆಯೇ ಎಂದು ಕ್ಲೋರೈಡ್ ಅಳೆಯುವುದು. ಸಿಲ್ವರ್ ನೈಟ್ರೇಟ್ ಹನಿಹನಿಯಾಗಿ ಬಿಡಬೇಕು. ಕ್ಲೋರೈಡ್ ಮುಗಿದ ಕ್ಷಣ ಹಳದಿ ದ್ರಾವಣ ಇಟ್ಟಿಗೆ ಕೆಂಪು. ಹನಿ ಹೆಚ್ಚಾದಷ್ಟೂ ಉಪ್ಪು ಹೆಚ್ಚು. ನಿದ್ದೆಗಣ್ಣಲ್ಲೂ ಮಾಡಿಯೇನು.

ಸಂಜೆ ಮತ್ತೆ ಡಾಕ್ಟರ್. ನಿಶ್ಮಿತಾಗೆ ವರ್ಷ ದಾಟಿತು, ತೂಕ ಏರುತ್ತಿಲ್ಲ. ತಿಂದದ್ದೆಲ್ಲ ಜಿಡ್ಡುಜಿಡ್ಡಾಗಿ ಹೊರಗೆ. ಬಿಡದ ಕೆಮ್ಮು. ಹಾಲಿನ ಪುಡಿ ಬದಲಿಸಿ ಎಂದರು. ಮುತ್ತು ಕೊಟ್ಟರೆ ಮಗುವಿನ ಹಣೆ ಉಪ್ಪು ಎಂದೆ. ನಕ್ಕರು.

ಆಗಸ್ಟ್ 8

ಮಗುವಿನ ಉಪ್ಪು ಹಣೆಗೆ ಕಾರಣ ಹುಡುಕಲು ಯೂನಿವರ್ಸಿಟಿ ಲೈಬ್ರರಿಗೆ ಹೋಗಿದ್ದೆ. ಸಿಸ್ಟಿಕ್ ಫೈಬ್ರೋಸಿಸ್. ಬೆವರಿನೊಳಗಿನ ಕ್ಲೋರೈಡನ್ನು ದೇಹ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ. ಎದೆಯಲ್ಲಿ ಅಂಟು ಕಫ, ಹೊಟ್ಟೆಯಲ್ಲಿ ಅನ್ನ ಕರಗದು. ಲೀಟರ್ ಬೆವರಿನಲ್ಲಿ ಕ್ಲೋರೈಡ್ ಅರವತ್ತು ಮಿಲಿಮೋಲ್ ದಾಟಿದರೆ… ಪುಸ್ತಕ ಮುಚ್ಚಿಬಿಟ್ಟೆ.

ಡಾಕ್ಟರ್‌ಗೆ ಫೋನ್ ಮಾಡಿ ಬೆವರಿನ ಟೆಸ್ಟ್ ಬೇಕು ಎಂದೆ. ಅದು ಬಿಳಿಯರ ಕಾಯಿಲೆಯಂತೆ. ಇಂಡಿಯನ್ಸ್‌ಗೆ ಬರುವುದಿಲ್ಲವಂತೆ.

ಆಗಸ್ಟ್ 12, ಶನಿವಾರ

ಮಾಡಿಬಿಟ್ಟೆ.

ಇವರು ಪೋರ್ಟ್‌ಗೆ ಡ್ಯೂಟಿಗೆ ಹೋಗಿದ್ದರು. ಬೆವರು ಹೀರಲೆಂದು, ಮೊದಲೇ ತೂಗಿಟ್ಟಿದ್ದ ಗಾಯದ ಪಟ್ಟಿಯ ಗಾಜ್ ಬಟ್ಟೆಯನ್ನು ಮಗುವಿನ ಬೆನ್ನಿಗಿಟ್ಟು, ಮೇಲೆ ಪ್ಲಾಸ್ಟಿಕ್ ಸುತ್ತಿ, ಸ್ವೆಟರ್ ಹಾಕಿ ಬಿಸಿಲಲ್ಲಿ ತೊಡೆಯ ಮೇಲೆ ಕೂರಿಸಿಕೊಂಡೆ. ಅತ್ತಳು. ಬಿಡಲಿಲ್ಲ ನಾನು.

ಲ್ಯಾಬ್ ಖಾಲಿ. ಅವಳು ಬಾಗಿಲ ಹತ್ತಿರ ಕಾರ್ ಸೀಟಿನಲ್ಲೇ ನಿದ್ದೆ. ಬೆವರು ಹೀರಿದ ಬಟ್ಟೆ ಮತ್ತೆ ತೂಗಿದೆ, ನೀರಿನಲ್ಲಿ ನೆನೆಸಿದೆ, ಹನಿ ಬಿಡತೊಡಗಿದೆ. ಆರೋಗ್ಯವಂತ ಮಗುವಾದರೆ ಎರಡು ಮೂರು ಹನಿಗೆ ಕೆಂಪಾಗಬೇಕು. ಆಗಲಿಲ್ಲ. ಇನ್ನೊಂದು ಹನಿ. ಮತ್ತೊಂದು. ಹಳದಿ ಹಳದಿಯಾಗಿಯೇ ಇದೆ. ಕೆಂಪಾಗು ಕೆಂಪಾಗು ಎಂದು ಜೋರಾಗಿಯೇ ಹೇಳಿದೆ ಅನಿಸುತ್ತದೆ.

ಕೊನೆಗೆ ಕೆಂಪಾದ ಮೇಲೆ ಲೆಕ್ಕ ಹಾಕಿದೆ. ಲೀಟರಿಗೆ ಎಂಬತ್ತೆಂಟು.

ಆಗಸ್ಟ್ 13

ಇವರಿಗೆ ಹೇಳಿದೆ. ತಟ್ಟೆ ತಳ್ಳಿ ಎದ್ದರು.

"ನಿನಗೆ ಎಂತ ಆಗಿದೆ ಮಾರಾಯ್ತಿ? ನಮ್ಮ ಮಗು ಎಂತ ಬೋರ್‌ವೆಲ್ಲಾ?"

"ನನ್ನ ಲೆಕ್ಕ ತಪ್ಪಿರಬಹುದು. ಆಸ್ಪತ್ರೆಯಲ್ಲೇ ಮಾಡಿಸುವ."

"ಡಾಕ್ಟರೇ ಇಲ್ಲ ಅಂದ ಮೇಲೆ ನಿನ್ನದೆಂತದು? ಕಾಯಿಲೆ ಹುಡುಕಿ ತರ್ತೀಯಾ?"



ಆಗಸ್ಟ್ 22

ಕೆಮ್ಮಿ ಕೆಮ್ಮಿ ತುಟಿ ನೀಲಿಯಾಯಿತು ಮಗುವಿಗೆ. ಇವರ ಕೈಯಲ್ಲಿದ್ದಾಗಲೇ. ಉಸಿರು ಸರಿಯಾದ ಮೇಲೆ ಅವಳನ್ನು ಕೆಳಗಿಳಿಸದೆ ಕೇಳಿದರು, "ಆ ಟೆಸ್ಟ್ ಎಲ್ಲಿ ಮಾಡ್ತಾರೆ?"

ಶೋಭಾಗೆ ಫೋನ್ ಮಾಡಿದೆ. ಮಂಗಳೂರಿನಲ್ಲಿ ನನ್ನ ಕ್ಲಾಸ್‌ಮೇಟ್, ಈಗ ಸ್ಯಾನ್ ಡಿಯಾಗೋದ ಒಂದು ಆಸ್ಪತ್ರೆಯ ಲ್ಯಾಬ್‌ನಲ್ಲಿದ್ದಾಳೆ.

"ಕರುಣಾಕರ ಒಪ್ಪಿದ್ರಾ? ಹಾಗಾದ್ರೆ ನಾಡಿದ್ದೇ ಬನ್ನಿ. ಇಲ್ಲಿ ಡಾಕ್ಟರ್ ಹತ್ರ ನಾನು ಮಾತಾಡ್ತೇನೆ. ನಿನ್ನ ಆ ನಂಬರ್ ಮರೆತುಬಿಡು ಜಲಜಾ."

ಆಗಸ್ಟ್ 24. ಸ್ಯಾನ್ ಡಿಯಾಗೋ, ಸ್ಕ್ರಿಪ್ಸ್ ರ್ಯಾಂಚ್‌ನ ಶೋಭಾ ಮನೆ

ಬೆಳಿಗ್ಗೆ ಆಸ್ಪತ್ರೆಯಲ್ಲಿ ಪುಟ್ಟ ತೋಳಿಗೆ ಕರೆಂಟಿನ ಪಟ್ಟಿ ಕಟ್ಟಿ ಬೆವರು ಬರಿಸಿದರು. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಅಳತೆ ತಪ್ಪಾಗಲಿ ಎಂದು ಬೇಡಿಕೊಂಡೆ. ನನ್ನ ಕೈ ಬೆವರೇ ತಗಲಿರಲಿ. ತಕ್ಕಡಿಯೇ ಕೆಟ್ಟಿರಲಿ.

ಡಾಕ್ಟರ್ ಒಳಗೆ ಕರೆದು ಕೂರಿಸಿದರು. ತೊಂಬತ್ತೊಂದು. ಇಂಡಿಯನ್ಸ್‌ಗೂ ಬರುತ್ತದೆ, ಯಾರೂ ನೋಡುವುದಿಲ್ಲ ಅಷ್ಟೇ ಎಂದರು. ಗುಣವಾಗುವುದಿಲ್ಲ. ಆದರೆ ಔಷಧಿಯಿದೆ, ಬೇಗ ಶುರುಮಾಡಿದಷ್ಟೂ ಒಳ್ಳೆಯದು.

ಪಾರ್ಕಿಂಗ್‌ನಲ್ಲಿ ಕೀ ತಿರುಗಿಸದೆ ಕೂತರು ಇವರು.

"ನನ್ನ ಕಡೆಯಿಂದಲಾ ಇದು?"

"ಇಬ್ಬರ ಕಡೆಯಿಂದಲೂ. ಒಬ್ಬರಿಂದ ಬರೋದಿಲ್ಲ."

"ನಾನು ನಿನ್ನನ್ನು ಬೈದೆನಲ್ಲ…"

ಬೈದದ್ದು ನನಗೆ ನೆನಪೇ ಇರಲಿಲ್ಲ. ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತರು. ನನಗೆ ಅಳು ಬರಲಿಲ್ಲ. ಯಾಕೋ.

ಸೆಪ್ಟೆಂಬರ್ 17, ಭಾನುವಾರ

ಮೂರು ವಾರ ಏನೂ ಬರೆದಿಲ್ಲ. ಪ್ರತಿ ಊಟಕ್ಕೂ ಅನ್ನ ಕರಗಿಸುವ ಕ್ಯಾಪ್ಸೂಲ್ ಬಿಡಿಸಿ, ಒಳಗಿನ ಕಾಳು ಸೇಬಿನ ತಿರುಳಿನಲ್ಲಿ ಕಲಸಿ ಕೊಡುವುದು. ತೂಕ ಸ್ವಲ್ಪ ಏರಿದೆ. ಸ್ವಲ್ಪವೇ.

ದಿನಕ್ಕೆರಡು ಸಲ ಅಂಗೈ ಬೊಗಸೆಯಂತೆ ಬಾಗಿಸಿ ಬೆನ್ನು ತಟ್ಟಬೇಕು, ಕಫ ಸಡಿಲವಾಗಲು. "ಮಗುವಿಗೆ ಹೊಡೀಲಿಕ್ಕೆ ನನ್ನಿಂದ ಆಗೋದಿಲ್ಲ" ಎನ್ನುತ್ತಿದ್ದರು ಇವರು. ಇವತ್ತು ತಾವೇ ತೊಡೆಯ ಮೇಲೆ ಮಲಗಿಸಿಕೊಂಡರು. ಪಕ್ಕದ ಕೋಣೆಯಿಂದ ಕೇಳಿಸುತ್ತಿದೆ… ಮೊದಮೊದಲು ಮೆತ್ತಗೆ, ಈಗ ಸರಿಯಾಗಿ. ಅವಳು ನಗುತ್ತಿದ್ದಾಳೆ. ಈಗ ಕೆಮ್ಮು.

"ಜಲಜಾ, ಬಂತು! ಕಫ ಬಂತು, ಬಟ್ಟೆ ತಾ ಬೇಗ!"

ಎಷ್ಟು ಖುಷಿ ಆ ದನಿಯಲ್ಲಿ. ಹೋಗಬೇಕು, ಬಟ್ಟೆ—