ಕೆನೆಬಣ್ಣದ ಬೋಗಿ

ಮನೆ, ಅಪ್ಪನ ಕೆಲಸದ ಮೇಜಿನ ಇನ್ನೊಂದು ತುದಿ
ಭಾನುವಾರ, ನವೆಂಬರ್ ೯

ಅಕ್ಕರೆಯ ಅಮ್ಮಾ,

ಮೊಣಕಾಲು ಹೇಗಿದೆ? ತಂಗಿಯ ಮನೆಯ ಮೆಟ್ಟಿಲು ಕಡಿದು. ದಿನಕ್ಕೊಮ್ಮೆ ಮಾತ್ರ ಇಳಿ, ಉಳಿದ ಸಲವೆಲ್ಲ ಅವಳ ಮಕ್ಕಳು ಇಳಿಯಲಿ. ಕೆಮ್ಮಿನ ಔಷಧಿ ಕುಡಿಯುತ್ತಿದ್ದೀಯೋ ಅಥವಾ ಕಿಟಕಿಯಲ್ಲಿಟ್ಟು ನೋಡುತ್ತಿದ್ದೀಯೋ? ರಾತ್ರಿ ಒಳ್ಳೆಯ ನಿದ್ದೆ ಬರುತ್ತಿದೆ ಎಂದು ತಂಗಿ ಹೇಳಿದಳು. ಕೇಳಿ ಸಮಾಧಾನವಾಯಿತು, ಇಲ್ಲಿದ್ದಾಗ ಬರುತ್ತಿರಲಿಲ್ಲವಲ್ಲ ಎಂದು ಸ್ವಲ್ಪ ಕಸಿವಿಸಿಯೂ ಆಯಿತು. ನಾನು ಚೆನ್ನಾಗಿದ್ದೇನೆ. ಕಾಲೇಜು, ಉತ್ತರಪತ್ರಿಕೆಗಳ ಕಟ್ಟು, ಸಂಜೆಗೆ ಒಂದೆರಡು ಕವಿತೆ, ಅಪ್ಪನ ಜೊತೆ ಊಟ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಪ್ಪನ ಸುದ್ದಿ ಎತ್ತಿದ ಕೂಡಲೇ ನೀನು ಫೋನನ್ನು ತಂಗಿಯ ಕೈಗೆ ದಾಟಿಸುತ್ತೀಯ. ಕಾಗದವನ್ನಾದರೂ ಕೊನೆಯವರೆಗೆ ಓದುತ್ತೀಯ ಎಂದುಕೊಂಡಿದ್ದೇನೆ. ನಿನ್ನನ್ನು ವಾಪಸು ಕರೆಯುವುದಕ್ಕೆ ಬರೆಯುತ್ತಿಲ್ಲ. ಇಲ್ಲಿ ಒಂದು ಸಂಗತಿ ತಿಳಿದುಬಂದಿದೆ, ಅದು ನಿನಗೂ ತಿಳಿಯಬೇಕು, ಅಷ್ಟೇ.

ನೀನು ಹೋದ ಮೇಲೆ ಅಪ್ಪ ಒಂದು ಬೋಗಿ ಮಾಡಲು ಕೂತರು. ರೈಲ್ವೆ ನಿವೃತ್ತರ ಸಂಘದವರು ಸ್ಟೇಷನ್ನಿನ ಹಾಲ್‌ನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡಲು ಹಳೆಯ ಕಾಲದ ಪ್ರಯಾಣಿಕರ ಬೋಗಿಯ ಮಾದರಿ ಬೇಕೆಂದಿದ್ದರು. ಆಯುಷ್ಯವೆಲ್ಲ ನಿಜವಾದ ಬೋಗಿಗಳಿಗೆ ಬಣ್ಣ ಬಳಿದ ಮನುಷ್ಯ, ಮೊಳದಷ್ಟು ಉದ್ದದ್ದಕ್ಕೆ ಇಲ್ಲ ಎನ್ನುತ್ತಾರೆಯೇ. ಕೆಳಗೆ ಗಾಢ ಕೆಂಪು, ಕಿಟಕಿಗಳ ಸಾಲಿಗೆ ಕೆನೆಬಣ್ಣ, ಎರಡೂ ಕೂಡುವಲ್ಲಿ ಹೊಂಬಣ್ಣದ ಗೆರೆ, ಆ ಗೆರೆಯ ಅಂಚಿಗೆ ಕೂದಲೆಳೆಯಷ್ಟು ಕಪ್ಪು. ನಾನು ಮೇಜಿನ ಈ ತುದಿಯಲ್ಲಿ ಪುಸ್ತಕ ಹಿಡಿದು ಕೂತು ಪುಟಕ್ಕಿಂತ ಹೆಚ್ಚಾಗಿ ಅವರ ಕೈಯನ್ನೇ ನೋಡಿದ್ದೇನೆ. ಬಣ್ಣ ಹಾಲಿನಷ್ಟು ತೆಳ್ಳಗಿರಬೇಕು, ನೀರಿನಷ್ಟಲ್ಲ. ಗೆರೆಯ ಪೆನ್ನನ್ನು ಬಣ್ಣದಲ್ಲಿ ಅದ್ದುವಂತಿಲ್ಲ. ಅದರ ಎರಡು ಉಕ್ಕಿನ ನಾಲಿಗೆಗಳ ನಡುವೆ ಕುಂಚದಿಂದ ಒಂದು ಹನಿ ಇಳಿಸಬೇಕು. ಮೊದಲು ಗಾಜಿನ ಚೂರಿನ ಮೇಲೆ ಎಳೆದು ನೋಡಬೇಕು. ಸ್ಕೇಲಿನ ಅಡಿಗೆ ರಟ್ಟಿನ ಚೂರು ಅಂಟಿಸಿ ಸ್ವಲ್ಪ ಎತ್ತರಿಸದಿದ್ದರೆ ಬಣ್ಣ ಕೆಳಗೆ ನುಸುಳಿ ಎಲ್ಲ ರಾಡಿ. ಕೈ ತಪ್ಪಿದರೆ ಕಡ್ಡಿಯ ಮೊನೆಗೆ ಥಿನ್ನರ್ ಮುಟ್ಟಿಸಿ ಆಗಿಂದಾಗಲೇ ಒರೆಸಬೇಕು; ಒಣಗಿದ ಮೇಲೆ ತಪ್ಪೂ ಬೋಗಿಯದ್ದೇ ಆಗಿಬಿಡುತ್ತದೆ. ಅಪ್ಪನ ಕೈ ತಪ್ಪಲಿಲ್ಲ. ಗೆರೆಯನ್ನು ಕಣ್ಣಿನಿಂದಲ್ಲ, ಕಿವಿಯಿಂದ ಎಳೆಯಬೇಕು ಎನ್ನುತ್ತಾರೆ. ಪೆನ್ನು ಸರಿಯಾಗಿ ಓಡುವಾಗ ಒಂದು ಸಣ್ಣ ಸರ್‍ರೆನ್ನುವ ಸದ್ದಿದೆ, ನಿಜ. ಅದೂ ಕನ್ನಡಕವಿಲ್ಲದೆ. ಒಂದೆರಡು ವರ್ಷದಿಂದ ಅವರು ಓದುವ ಕನ್ನಡಕ ಬಿಟ್ಟದ್ದು ನಿನಗೆ ಗೊತ್ತಲ್ಲ, ವಯಸ್ಸಾದಷ್ಟೂ ನನ್ನ ಕಣ್ಣು ಚುರುಕಾಗ್ತಿದೆ ಎಂದು ಬಂದವರಿಗೆಲ್ಲ ಹೇಳಿಕೊಂಡದ್ದೂ.

ಬೋಗಿ ಮುಗಿಯಿತು. ಗೆರೆಗಳು ಎಷ್ಟು ಚೆನ್ನಾಗಿದ್ದವೆಂದರೆ ನನಗೆ ಬೇರೇನೂ ಕಣ್ಣಿಗೆ ಬೀಳಲಿಲ್ಲ. ಕೆನೆಬಣ್ಣ ಕೆನೆಬಣ್ಣವಾಗಿರಲಿಲ್ಲ ಎಂಬುದನ್ನು ಹೇಳಿದವರು ಗಡಿಯಾರ ರಿಪೇರಿಯ ಮಾಮ. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ, ಇದೇನಪ್ಪಾ, ಆಸ್ಪತ್ರೆಗಾಡಿ ಮಾಡಿದ್ದೀಯ ಎಂದರು. ಅಪ್ಪ ಕೆನೆ ಎಂದರು. "ಬೆಳ್ಳಗಿರೋದೆಲ್ಲ ಕೆನೆಯಲ್ಲ ಕಣಯ್ಯಾ" ಎಂದು ಮಾಮ ಕೂತರು. ಗೋಡೆಗೆ ತೂಗುಹಾಕಿರುವ ಹಳೆಯ ಬೋಗಿಯ ಹಲಗೆಯನ್ನು ಇಳಿಸಿ ಪಕ್ಕದಲ್ಲಿಟ್ಟು ನೋಡಿದೆವು. ಹಲಗೆ ಕಾಯಿಸಿದ ಹಾಲಿನ ಕೆನೆ; ಬೋಗಿ ಸುಣ್ಣ. ಅಪ್ಪ ಎರಡನ್ನೂ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎರಡೂ ಒಂದೇ, ನೀವಿಬ್ಬರೂ ಕಣ್ಣು ತೋರಿಸಿಕೊಳ್ಳಿ ಎಂದರು. ಸರಿ, ಮೂವರೂ ತೋರಿಸಿಕೊಳ್ಳೋಣ ಎಂದು ಮಾಮ ಪಂಥ ಕಟ್ಟಿದರು. ಅಪ್ಪ ಕಣ್ಣಿನ ಡಾಕ್ಟರ ಹತ್ತಿರ ಬಂದದ್ದು ನಮ್ಮನ್ನು ಸೋಲಿಸುವುದಕ್ಕೆ.

ಡಾಕ್ಟರು ತಂಗಿಯ ವಯಸ್ಸಿನ ಹುಡುಗಿ. ಮಾಮನ ಕಣ್ಣು, ನನ್ನ ಕಣ್ಣು ಬೇಗ ನೋಡಿ ಮುಗಿಸಿದರು. ಅಪ್ಪನ ಕಣ್ಣೊಳಗೆ ದೀಪ ಬಿಟ್ಟು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಒಳಗಿನ ಮಸೂರ ಗಟ್ಟಿ ಚಹಾದ ಬಣ್ಣಕ್ಕೆ ತಿರುಗಿದೆ ಎಂದರು. ಹತ್ತಿರದ್ದು ಕನ್ನಡಕವಿಲ್ಲದೆ ಕಾಣುತ್ತಿದ್ದುದೂ ಪೊರೆಯ ಆಟವೇ ಅಂತೆ. ನಿಧಾನವಾಗಿ ಬರುವುದರಿಂದ ಹೊತ್ತವರಿಗೆ ಗೊತ್ತಾಗುವುದಿಲ್ಲ. ಲೋಕವೇ ಹಳದಿಯಾಯಿತು ಎಂದುಕೊಳ್ಳುತ್ತಾರೆ. ಕಣ್ಣೇ ಹಳದಿ ಬೆರೆಸುತ್ತಿದ್ದುದರಿಂದ ಕೈ ಬೆರೆಸುವುದನ್ನು ಬಿಟ್ಟಿತ್ತು. ಅಲ್ಲಿ ಕುರ್ಚಿಯಲ್ಲಿ ಕೂತಿದ್ದಾಗಲೇ ನನಗೆ ನೀನು ಹೋದ ದಿನ ನೆನಪಾಯಿತು. ಬಂದ ನೆಂಟರ ಎದುರು ಅಪ್ಪ ಅಂಗಿಯ ಕಾಲರ್ ಎತ್ತಿ ಹಿಡಿದು, ಇಷ್ಟು ವರ್ಷ ಒಗೆದರೂ ಇವಳಿಗೆ ಬಿಳಿ ಅಂದರೆ ಏನು ಅಂತ ಗೊತ್ತಿಲ್ಲ ಎಂದದ್ದನ್ನು ಮತ್ತೆ ಬರೆಯುವ ಆಸೆ ನನಗಿಲ್ಲ, ಆದರೂ ಬರೆದಿದ್ದೇನೆ. ನೀನು ಬಕೆಟ್ಟಿನಲ್ಲಿ ಉಳಿದಿದ್ದ ಬಟ್ಟೆಯನ್ನೆಲ್ಲ ಹಿಂಡಿ ಒಣಹಾಕಿ, ಕೈ ಒರೆಸಿಕೊಂಡು, "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ" ಎಂದು ಚೀಲ ತೆಗೆದುಕೊಂಡೆ. ಅದನ್ನು ನಾವೆಲ್ಲ ಬರೀ ಗಾದೆ ಎಂದುಕೊಂಡೆವು. ಬಹುಶಃ ನೀನೂ.

ಬಲಗಣ್ಣಿನ ಆಪರೇಷನ್ ಆಯಿತು. ಗಾಬರಿಯಾಗಬೇಡ, ಸುಖವಾಗಿ ಆಯಿತು. ಎಡಗಣ್ಣಿಗೆ ಇನ್ನೂ ಸಮಯವಿದೆ. ಕಟ್ಟು ಬಿಚ್ಚಿ ಮನೆಗೆ ಬಂದವರು ನೇರ ಬೋಗಿಯ ಮುಂದೆ ನಿಂತರು. ಒಂದು ಕಣ್ಣು ಮುಚ್ಚಿದರು, ಆಮೇಲೆ ಇನ್ನೊಂದು. ಗೆರೆ ಎಳೆಯುವಾಗ ನಿಲ್ಲಿಸುವ ಹಾಗೆ ಉಸಿರು ನಿಲ್ಲಿಸಿದ್ದರು. ನಾನು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಬಟ್ಟೆಯ ಕಪಾಟು ತೆಗೆದಿತ್ತು. ನೀನು ಕೊನೆಯ ಸಲ ಒಗೆದ ಬಿಳಿ ಅಂಗಿಗಳನ್ನು ಅವರು ತೊಡದೆ ಕೆಳಗಿನ ಹಲಗೆಗೆ ತುರುಕಿದ್ದರು; ಅವೆಲ್ಲ ಹಾಸಿಗೆಯ ಮೇಲೆ ಹರಡಿದ್ದವು. ಒಂದೊಂದನ್ನೇ ಎತ್ತಿ ಈ ಕಣ್ಣಿನಿಂದ, ಆ ಕಣ್ಣಿನಿಂದ ನೋಡುತ್ತಿದ್ದರು.

"ನೀಲಿ ಜಾಸ್ತಿಯಾಗಿದೆ" ಎಂದರು.

ಹೌದು ಅಮ್ಮಾ, ಮೊದಲು ಬಾಯಿಂದ ಬಂದದ್ದು ಅದೇ. ನನಗೆ ನಗುವೂ ಬಂತು, ಸಿಟ್ಟೂ ಬಂತು. "ಯಾರಿಗೋಸ್ಕರ ಹಾಕಿದ್ದು ಅಪ್ಪಾ?" ಎಂದು ಕೇಳಿದೆ. ಅವರು ಹಳದಿ ಎಂದಷ್ಟೂ ನೀನು ನೀರಿಗೆ ಒಂದೊಂದು ಹನಿ ನೀಲಿ ಹೆಚ್ಚಿಸುತ್ತಾ ಹೋದದ್ದು, ನಿನ್ನ ಉಗುರುಗಳ ಸಂದಿಯಲ್ಲಿ ಆ ಬಣ್ಣ ನಿಂತದ್ದು, ಬಿಸಿಲಿನಲ್ಲಿ ಎರಡೆರಡು ಸಲ ಹರವಿದ್ದು, ಎಲ್ಲವನ್ನೂ ಹೇಳಿದೆ. ಗಟ್ಟಿಯಾಗಿ ಹೇಳಲಿಲ್ಲ. ಪಾಠ ಹೇಳುವ ಹಾಗೆ ಹೇಳಿದೆ. ಅಪ್ಪ ಅಂಗಿಗಳ ನಡುವೆಯೇ ಕೂತರು. ರಾತ್ರಿ ಊಟಕ್ಕೆ ಎದ್ದು ಬಂದರು, ಉಪ್ಪು ಕಡಿಮೆಯಿದ್ದ ಸಾರನ್ನು ಉಪ್ಪು ಕೇಳದೆ ಉಂಡರು.

ಈಗ ಎಡಗಣ್ಣಿಗೆ ಬಟ್ಟೆ ಕಟ್ಟಿಕೊಂಡು ಬೋಗಿಯ ಒಂದು ಪಕ್ಕದ ಬಣ್ಣ ಕೆರೆದು ತೆಗೆದಿದ್ದಾರೆ. ಗೆರೆಗಳೂ ಅದರ ಜೊತೆ ಹೋದವು. ಅಷ್ಟು ಒಳ್ಳೆಯ ಗೆರೆಗಳು. ನಾನು ಅಯ್ಯೋ ಎನ್ನುವಷ್ಟರಲ್ಲಿ ಅವರು ಹೊಸ ಬಣ್ಣದ ಡಬ್ಬಿ ತೆಗೆದಿದ್ದರು. ಹೊಸ ಕೆನೆಯನ್ನು ನೆನಪಿನಿಂದ ಬೆರೆಸುತ್ತಿಲ್ಲ. ಒಂದೊಂದು ತೊಟ್ಟು ಹಳದಿಗೂ ಹಲಗೆ ಪಕ್ಕಕ್ಕೆ ಹಿಡಿದು, ಸರಿಯಾ ನೋಡು ಎಂದು ನನ್ನನ್ನು ಕೇಳುತ್ತಾರೆ. ಅಪ್ಪ ಬಣ್ಣದ ವಿಷಯದಲ್ಲಿ ಇನ್ನೊಬ್ಬರನ್ನು ಕೇಳಿದ್ದು ನಾನು ಕಂಡಂತೆ ಇದೇ ಮೊದಲು.

ನೆಂಟರಿಷ್ಟರೆಲ್ಲ ಆಗಲೇ ತೀರ್ಪು ಕೊಟ್ಟಿದ್ದಾರೆ. ಪಾಪ ಕಣ್ಣಿನದೇ ತಪ್ಪು, ಅವರದೇನೂ ಇಲ್ಲ, ಇನ್ನು ಅವಳು ಬರಬಹುದು ಎನ್ನುತ್ತಾರೆ. ನನಗೆ ಹಾಗೆ ಹೇಳಲಾಗುವುದಿಲ್ಲ. ಹಳದಿ ಕಂಡದ್ದು ಕಣ್ಣಿಗೆ, ಆಡಿದ್ದು ನಾಲಿಗೆ. ನಾಲಿಗೆಗೇನೂ ಪೊರೆ ಬಂದಿರಲಿಲ್ಲ. ಅಂಗಿ ನಿಜವಾಗಿಯೂ ಹಳದಿಯಾಗಿದ್ದರೂ ಆ ಮಾತು ಆ ಮಾತೇ. ಆದರೆ ನಿನ್ನ ಒಗೆತದಲ್ಲಿ ಯಾವ ಕೊರತೆಯೂ ಇರಲಿಲ್ಲ ಎಂಬುದು ಈಗ ಸಾಬೀತಾಗಿದೆ. ಒಗೆದವಳಿಗೇ ಎಲ್ಲೋ ಅನುಮಾನ ಹುಟ್ಟಿತ್ತೇನೋ ಎಂದು ನನಗೆ ಹಲವು ಸಲ ಅನಿಸಿದೆ. ನೀನು ಸೋಪು ಬದಲಾಯಿಸಿದೆ, ನೀರು ಬದಲಾಯಿಸಿದೆ, ನಿನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡೆ. ಆ ಅನುಮಾನವಿದ್ದರೆ ಬಿಟ್ಟುಬಿಡು. ಈ ಕಾಗದ ಬರೆದದ್ದು ಮುಖ್ಯವಾಗಿ ಅದಕ್ಕೆ.

ತಂಗಿಗೂ ನಿನ್ನ ಅಳಿಯನಿಗೂ ನಾನು ಕೇಳಿದೆನೆಂದು ಹೇಳು, ಮಕ್ಕಳ ಕೆನ್ನೆ ಹಿಂಡು. ದೂರದಿಂದಲೇ ನನ್ನ ತಲೆಯ ಮೇಲೆ ಕೈಯಿಡು.

ನಿನ್ನ
ದೊಡ್ಡವಳು

ಇನ್ನೊಂದು ಮಾತು, ಅಂಚೆಗೆ ಹಾಕುವ ಅವಸರದಲ್ಲಿ: ಮುಖ್ಯವಾಗಿ ಅದಕ್ಕೆ ಬರೆದೆ ಎಂದದ್ದು ಪೂರ್ತಿ ನಿಜವಲ್ಲ. ಅಪ್ಪ ಮುಂದಿನ ಭಾನುವಾರ ಅಲ್ಲಿಗೆ ಬರಲು ಟಿಕೆಟ್ ತೆಗೆಸಿದ್ದಾರೆ. ನಿನಗೆ ತಿಳಿಸಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಮುರಿಯುತ್ತಿದ್ದೇನೆ, ಯಾಕೆಂದರೆ ಬಾಗಿಲು ತಟ್ಟುವುದಕ್ಕೆ ಮೊದಲು ನಿನಗೆ ಗೊತ್ತಿರಬೇಕು. ಏನು ಹೇಳಬೇಕೆಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಭ್ಯಾಸ ಮಾಡುತ್ತಾರೆ, ಹೊರಗೆ ಕೇಳಿಸುತ್ತದೆ. ವಾರವಿಡೀ ಅದು "ತಪ್ಪು ನಂದೇ, ಆದ್ರೆ" ಎಂದು ಶುರುವಾಗಿ ಕಣ್ಣಿನ ಕಡೆಗೆ ಹೊರಳುತ್ತಿತ್ತು. ಇವತ್ತು ಬೆಳಿಗ್ಗೆ "ತಪ್ಪು ನಂದೇ" ಎಂದ ಮೇಲೆ ನಲ್ಲಿ ನಿಂತಿತು. ಬರುವುದು ಬೇಡ ಅನ್ನಿಸಿದರೆ ಶುಕ್ರವಾರದೊಳಗೆ ತಂಗಿಯ ಕೈಲಿ ಒಂದು ಫೋನ್ ಮಾಡಿಸು, ನಾನು ನಿಲ್ಲಿಸುತ್ತೇನೆ. ಕಾರಣ ಹೇಳಬೇಕಾಗಿಲ್ಲ.