ನಳಿಗೆಗೆ ಮೆತ್ತಿದ ಗಂಧ

ಏಪೆಕ್ಸ್, ಅಮೆರಿಕ, ನವೆಂಬರ್ 2023

ಪ್ರೀತಿಯ ಬೋಪಯ್ಯ ಅಂಕಲ್‌ಗೆ ನಮಸ್ಕಾರ.

ಕಳೆದ ವರ್ಷ ನನ್ನ ಗುಂಡು ಗುರಿ ತಪ್ಪಿ, ಗಾಯಗೊಂಡ ಜಿಂಕೆ ನರಳುತ್ತ ಕಾಡು ಸೇರಿತ್ತು. ಕೋವಿ ನೆಟ್ಟಗಾಗುವವರೆಗೆ ಬೇಟೆಯೇ ಬೇಡ ಎಂದುಕೊಂಡು, ಅದಕ್ಕೆ ಹೊಸ ದುರ್ಬೀನು ಹಾಕಿಸಲು ಹೊರಟಿದ್ದೆ. ನೀವು ಕೋವಿಯ ನಳಿಗೆಗೂ ಅದರಡಿಯ ಮರದ ಹಿಡಿಗೂ ನಡುವೆ ಕಾಗದದ ಚೂರೊಂದನ್ನು ತೂರಿಸಿದಿರಿ. ಅದು ಅರ್ಧದಲ್ಲೇ ಸಿಕ್ಕಿಕೊಂಡಿತು.

“ಫ್ಯಾಕ್ಟರಿಯವ್ರು ಬಿಟ್ಟಿದ್ದೇ ಕೂದಲೆಳೆ ಗ್ಯಾಪು. ಅದನ್ನೂ ಆಯುಧಪೂಜೆ ಗಂಧದಲ್ಲಿ ಮುಚ್ಚಿದ್ದೀಯಲ್ಲ ಮಾರಾಯ! ಬ್ಯಾರೆಲ್ ಮರಕ್ಕೆ ಎಲ್ಲೂ ಟಚ್ ಆಗ್ಬಾರ್ದು, ಟಚ್ ಆದ್ರೆ ಗುಂಡು ದಿಕ್ಕು ತಪ್ಪುತ್ತೆ” ಎಂದು ನಕ್ಕಿರಿ. ಗಟ್ಟಿಯಾದ ಗಂಧ ಕೆರೆದು, ಮರವನ್ನು ಉಜ್ಜಿ, ಸಂದಿ ಅಗಲಿಸಿದಿರಿ. ನೂರು ಗಜ ದೂರದಲ್ಲಿ ಮೂರು ಗುಂಡು ಒಂದು ನಿಂಬೆಹಣ್ಣಿನಗಲದಲ್ಲಿ ಬಿದ್ದವು. ಇಂಥ ಕೈಯನ್ನು ನಾನು ಕಂಡಿಲ್ಲ ಅಂಕಲ್.

ಭಾನುವಾರ ಆಂಟಿಯೊಡನೆ ಊಟಕ್ಕೆ ಬನ್ನಿ. ಮಾಂಸಕ್ಕೆ ಹುಳಿ ಹಾಕಲು ನಿಮ್ಮ ಕಾಚಂಪುಳಿ ತನ್ನಿ. ನಿನ್ನೆ ಒಂದೇ ಗುಂಡು ಹಾರಿಸಿದೆ. ಜಿಂಕೆ ನಿಂತಲ್ಲೇ ಬಿತ್ತು; ಅದಕ್ಕೆ ಸದ್ದು ಕೇಳಿಸಿರಲಿಕ್ಕೂ ಇಲ್ಲ.

ನಿಮ್ಮ ಶಿಷ್ಯ,
ದೂಮಪ್ಪ