ಚಕ್ರದ ಬಳಿಯ ಕರಿದಾರ

ತಾಂಡ್ಯ
೧೨-೬-೨೦೦೩

ಅವ್ವನಿಗೆ ಮಧು ಮಾಡುವ ನಮಸ್ಕಾರ.

ಪಿಕಪ್ಪಿನ ಬ್ರೇಕಿನಿಂದ ಕಾಲು ತೆಗೆದರೂ ಮುಂದಿನ ಎಡಚಕ್ರ ಬಿಡುತ್ತಿರಲಿಲ್ಲ. ನಿನ್ನೆ ಸೇತುವೆಯ ಮೇಲೆ ಗಾಡಿ ಅಡ್ಡ ತಿರುಗಿತು. ನನಗೇನೂ ಆಗಿಲ್ಲ. ಬ್ರೇಕ್ ಶೂ ಬದಲಿಸಿದರೂ ಸರಿಹೋಗಲಿಲ್ಲ. ಕೊನೆಗೆ ಮೆಕ್ಯಾನಿಕ್ ಗಾಡಿಯ ಕೆಳಗೆ ತೂರಿ, "ಯಾರ್ಲಾ ಬ್ರೇಕ್ ಪೈಪ್ಗೆ ದಾರ ಬಿಗ್ದಿರೋದು? ಒಳಕ್ಕೋದ ಆಯ್ಲು ವಾಪಸ್ ಬರ್ಬೇಡ್ವಾ?" ಅಂದ.

ನಿನ್ನ ದೃಷ್ಟಿದಾರ. ಕನ್ನಡಿಗೆ ಕಟ್ಟಬೇಡ ಎಂದು ನಾನು ರೇಗಿದ್ದಕ್ಕೆ ಕಾಣದಂತೆ ಅಲ್ಲಿ ಕಟ್ಟಿದ್ದೀಯ. ಯಾರೆಂದು ಅವನಿಗೆ ಹೇಳಲಿಲ್ಲ. ಅಣ್ಣ ಆಕ್ಸಿಡೆಂಟಿನಲ್ಲಿ ಹೋದ ಮೇಲೆ ನಿನಗಿರುವ ಭಯ ನನಗೆ ಗೊತ್ತು.

ಈಗ ಚಕ್ರ ಸಲೀಸಾಗಿ ತಿರುಗುತ್ತದೆ. ಆದರೂ ದಾರ ಬಿಚ್ಚಿದಾಗಿನಿಂದ ಗಾಡಿ ಹತ್ತಲು ಮನಸ್ಸು ಬರದೆ ಸುತ್ತಲೂ ಓಡಾಡುತ್ತಿದ್ದೇನೆ. ದಾರ ಜೇಬಿನಲ್ಲಿದೆ. ಕಾಗದ ಕಂಡ ಕೂಡಲೇ ಹೆಮ್ಮಿಗೆಯಿಂದ ಬಸ್ಸು ಹತ್ತು. ನೀನೇ ಬಂದು ಕನ್ನಡಿಗೆ ಕಟ್ಟು.

ನಿನ್ನ ಮಧು